ವಾಕ್ಯ ಮುಗಿಯುವ ಮೊದಲೇ: ಸನ್ನೆ ಭಾಷೆಯ ದುಭಾಷಿಯ ಭಾನುವಾರ

ಭಾನುವಾರ ಸಂಜೆ ಹತ್ತನೇ ತರಗತಿಯ ವಿಜ್ಞಾನದ ಪುಸ್ತಕ ಬಿಡಿಸಿಕೊಂಡು ಕುಳಿತಿದ್ದ ನನ್ನನ್ನು ನೋಡಿ ಚಿಕ್ಕಮ್ಮ ಒಮ್ಮೆ ಕೇಳಿದ್ದರು: "ಪಾಠ ಮಾಡೋರು ಮೇಷ್ಟ್ರು, ಪರೀಕ್ಷೆ ಬರೆಯೋರು ಮಕ್ಕಳು. ಮಧ್ಯೆ ನೀನ್ಯಾಕಮ್ಮ ಓದ್ತಾ ಕೂತಿದ್ದೀಯ?" ಪ್ರಶ್ನೆ ನ್ಯಾಯವಾಗಿಯೇ ಇತ್ತು. ಮೇಷ್ಟರು ಆಡಿದ್ದನ್ನು ಕೈಯಲ್ಲಿ ತೋರಿಸುವುದಷ್ಟೇ ನನ್ನ ಕೆಲಸವಾಗಿದ್ದರೆ ಭಾನುವಾರದ ಸಂಜೆಯನ್ನು ಪುಸ್ತಕಕ್ಕೆ ಕೊಡಬೇಕಾದ ಅಗತ್ಯ ಇರುತ್ತಿರಲಿಲ್ಲ. ಆ ದಿನ ನಾನು ಕೊಟ್ಟ ಉತ್ತರ ಅವರಿಗೆ ಸಮಾಧಾನ ತಂದಂತೆ ಕಾಣಲಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಕನ್ನಡ ಮಾಧ್ಯಮದ ಒಂದು ಪ್ರೌಢಶಾಲೆಯಲ್ಲಿ ಸನ್ನೆ ಭಾಷೆಯ ದುಭಾಷಿ. 40ಕ್ಕೂ ಹೆಚ್ಚು ಮಕ್ಕಳಿರುವ ತರಗತಿಯಲ್ಲಿ ಇಬ್ಬರು ಕಿವುಡ ಮಕ್ಕಳಿದ್ದಾರೆ, ಒಬ್ಬಳು ಹುಡುಗಿ, ಒಬ್ಬ ಹುಡುಗ. 'ಕಿವುಡ' ಎಂಬ ಪದ ಒರಟಾಯಿತೆಂದು ಕೆಲವರಿಗೆ ಅನ್ನಿಸಬಹುದು. ಸರ್ಕಾರಿ ಕಾಗದಗಳಲ್ಲಿ 'ಶ್ರವಣದೋಷವುಳ್ಳವರು' ಎಂದಿರುತ್ತದೆ. ಆದರೆ ನನಗೆ ಸನ್ನೆ ಭಾಷೆ ಕಲಿಸಿದ ಹಿರಿಯರು ತಮ್ಮನ್ನು ದೋಷವುಳ್ಳವರೆಂದು ಭಾವಿಸಿದವರಲ್ಲ, ಕಿವುಡರೆಂದು ಕರೆದುಕೊಳ್ಳಲು ನಾಚಿದವರೂ ಅಲ್ಲ. ಅವರು ಸಹಿಸದಿದ್ದ ಪದ 'ಮೂಗ'. ಭಾಷೆಯಿರುವವನು ಮೂಗನಾಗುವುದು ಹೇಗೆ ಎಂದು ಕೈಯೆತ್ತಿ ಜಗಳಕ್ಕೇ ನಿಲ್ಲುತ್ತಿದ್ದರು.

ತಯಾರಿ ಏಕೆ ಬೇಕೆಂಬುದಕ್ಕೆ ದೊಡ್ಡ ಕಾರಣ ಕನ್ನಡದ ವಾಕ್ಯದಲ್ಲೇ ಇದೆ. "ಪತ್ರಹರಿತ್ತನ್ನು ಹೊಂದಿರುವ ಸಸ್ಯಗಳು ಸೂರ್ಯನ ಬೆಳಕಿನಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನು ಬಳಸಿ ಆಹಾರವನ್ನು ತಯಾರಿಸಿಕೊಳ್ಳುವ ಕ್ರಿಯೆಗೆ ದ್ಯುತಿಸಂಶ್ಲೇಷಣೆ ಎನ್ನುತ್ತೇವೆ" ಎಂದು ಮೇಷ್ಟರು ಹೇಳುವಾಗ, ಯಾವುದರ ಬಗ್ಗೆ ಹೇಳುತ್ತಿದ್ದಾರೆ ಎಂಬುದು ಗೊತ್ತಾಗುವುದು ವಾಕ್ಯ ಮುಗಿಯುವ ಹೊತ್ತಿಗೆ. ಸನ್ನೆ ಭಾಷೆಯಲ್ಲಿ ಸಾಮಾನ್ಯವಾಗಿ ಮೊದಲು ಕಾಲ, ಸ್ಥಳ ಮತ್ತು ವಸ್ತುಗಳನ್ನು ಕಣ್ಣ ಮುಂದೆ ಜೋಡಿಸಿ, ಆಮೇಲೆ ಅವುಗಳ ನಡುವೆ ಏನು ನಡೆಯಿತು ಎಂಬುದನ್ನು ತೋರಿಸಬೇಕು. ನಾನು ವಾಕ್ಯದ ಕೊನೆಯವರೆಗೂ ಕಾದರೆ ಮೇಷ್ಟರು ಅಷ್ಟರಲ್ಲಿ ಮುಂದಿನ ವಾಕ್ಯದ ಅರ್ಧಕ್ಕೆ ಹೋಗಿರುತ್ತಾರೆ. ಕಾಯದೆ ಕಿವಿಗೆ ಬಿದ್ದಂತೆ ಕೈಯಾಡಿಸಿದರೆ ಮಕ್ಕಳಿಗೆ ಸಿಗುವುದು ಪದಗಳ ಸಾಲೇ ಹೊರತು ಪಾಠವಲ್ಲ. ವಾಕ್ಯ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬ ಅಂದಾಜು ಅದು ಆರಂಭವಾಗುವಾಗಲೇ ನನಗಿರಬೇಕು, ಮತ್ತು ಆ ಅಂದಾಜು ಬರಬೇಕಾದರೆ ಪಾಠ ನನಗೆ ಮೊದಲೇ ಗೊತ್ತಿರಬೇಕು. ಒಂದು ವಿಷಯದಲ್ಲಿ ಮಾತ್ರ ಎರಡು ಭಾಷೆಗಳೂ ನನ್ನನ್ನು ಕಾಪಾಡುತ್ತವೆ: ಕನ್ನಡದ 'ಇಲ್ಲ' ಕೊನೆಗೆ ಬರುವಂತೆ ಭಾರತೀಯ ಸನ್ನೆ ಭಾಷೆಯಲ್ಲೂ ನಿಷೇಧ ಕೊನೆಗೇ ಬರುತ್ತದೆ, ಪ್ರಶ್ನೆಯ ಪದವೂ ಕೊನೆಗೇ. "ನಾಳೆ ನೀನೇಕೆ ಬರುವುದಿಲ್ಲ?" ಎಂಬುದು ಕೈಯಲ್ಲಿ "ನಾಳೆ, ನೀನು, ಬರು, ಇಲ್ಲ, ಯಾಕೆ" ಎಂಬ ಕ್ರಮದಲ್ಲಿ ನಡೆಯುತ್ತದೆ, ಹುಬ್ಬು ಮತ್ತು ಮುಖ ಅದಕ್ಕೆ ಪ್ರಶ್ನೆಯ ರೂಪ ಕೊಡುತ್ತವೆ.

ಹಾಗಾಗಿ ಪ್ರತಿ ಪಾಠವನ್ನೂ ಮೂರು ಸಲ ಓದುತ್ತೇನೆ. ಮೊದಲನೆಯದು ನಾನೇ ವಿದ್ಯಾರ್ಥಿನಿಯಾಗಿ, ವಿಷಯ ಅರ್ಥವಾಗಲೆಂದು. ನಾನು ಓದಿದ್ದು ಕಲಾ ವಿಭಾಗವಾದ್ದರಿಂದ ಇದಕ್ಕೆ ಹಿಡಿಯುವ ಹೊತ್ತೇ ಹೆಚ್ಚು. ಎರಡನೆಯ ಓದು ಪೆನ್ಸಿಲ್ ಹಿಡಿದು, ಎಡವುವಂಥ ಪದಗಳಿಗೆ ಗೆರೆ ಹಾಕುತ್ತಾ. ಮೂರನೆಯದು ಪುಸ್ತಕವನ್ನು ಮೇಜಿನ ಮೇಲಿಟ್ಟು, ಎದ್ದು ನಿಂತು, ಕೈಗಳಿಂದ.

ಎರಡನೆಯ ಓದಿನ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. 'ಕರ್ಣ' ಎಂಬ ಒಂದೇ ಪದವನ್ನು ನೋಡಿ. ಒಂದೇ ದಿನದಲ್ಲಿ ಗಣಿತದ ಮೇಷ್ಟರು ಚತುರ್ಭುಜದ ಕರ್ಣ ಎಳೆಯುತ್ತಾರೆ, ಜೀವಶಾಸ್ತ್ರದಲ್ಲಿ ಹೃತ್ಕರ್ಣ ಬರುತ್ತದೆ, ಕನ್ನಡದ ಅವಧಿಯಲ್ಲಿ ಮಹಾಭಾರತದ ಕರ್ಣ ಬಂದು ನಿಲ್ಲುತ್ತಾನೆ. ಕೇಳುವ ಮಕ್ಕಳಿಗೆ ಇದು ಒಂದೇ ಸದ್ದು, ಅರ್ಥವನ್ನು ಅವರು ಸಂದರ್ಭದಿಂದ ಬಿಡಿಸಿಕೊಳ್ಳುತ್ತಾರೆ. ನನ್ನ ಕೈಯಲ್ಲಿ ಇವು ಮೂರೂ ಬೇರೆ ಬೇರೆ: ಒಂದು ಮೂಲೆಯಿಂದ ಮೂಲೆಗೆ ಎಳೆದ ಗೆರೆ, ಇನ್ನೊಂದು ಹೃದಯದ ಮೇಲ್ಗೋಣೆ, ಮತ್ತೊಂದು ನಮ್ಮ ತರಗತಿಯ ಮಕ್ಕಳೇ ಕಿವಿಯ ಕುಂಡಲ ತೋರಿಸಿ ಇಟ್ಟ ಹೆಸರು. 'ವರ್ಗ'ದ ಕಥೆಯೂ ಹೀಗೆಯೇ: ಸಂಖ್ಯೆಯ ವರ್ಗ, ಹಿಂದುಳಿದ ವರ್ಗ, ನೌಕರರ ವರ್ಗಾವಣೆ. 'ಘನ' ಎಂದರೆ ಘನಾಕೃತಿ, ಘನ ವಸ್ತು, ಸಂಖ್ಯೆಯ ಘನ. 'ಧಾತು' ರಸಾಯನಶಾಸ್ತ್ರದಲ್ಲೊಂದು, ವ್ಯಾಕರಣದಲ್ಲಿ ಇನ್ನೊಂದು.

ನನ್ನ ಮೊದಲ ವರ್ಷದ ಎಡವಟ್ಟೊಂದನ್ನು ಇಲ್ಲಿ ಹೇಳಲೇಬೇಕು. ಜೀವಶಾಸ್ತ್ರದ ಅವಧಿ ಮುಗಿದ ಬೆನ್ನಿಗೇ ಭೌತಶಾಸ್ತ್ರದ ಅವಧಿಯಿತ್ತು. ಆ ವಾರ ಭೌತಶಾಸ್ತ್ರದ ಪಾಠವನ್ನು ನಾನು ಓದಿಕೊಂಡಿರಲಿಲ್ಲ. ಮೇಷ್ಟರು "ಈ ಸೆಲ್‌ನ ಎರಡು ತುದಿಗಳನ್ನು ತಂತಿಯಿಂದ ಜೋಡಿಸಿದಾಗ" ಎಂದರು, ನನ್ನ ಕೈ ಹಿಂದಿನ ಅವಧಿಯ ಅಭ್ಯಾಸದಲ್ಲಿ ಜೀವಕೋಶದ ಸನ್ನೆ ಮಾಡಿತು. ಎದುರಿಗಿದ್ದ ಹುಡುಗಿ ಮೇಜಿನ ಮೇಲಿದ್ದ ಬ್ಯಾಟರಿಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಬ್ಯಾಟರಿಯನ್ನು ನೋಡಿದಳು. ಅವಳೇನೂ ಹೇಳಲಿಲ್ಲ. ತಪ್ಪು ನನ್ನದೆಂದು ತಿಳಿಸಿ ಅಲ್ಲೇ ತಿದ್ದಿಕೊಂಡೆ. ಮಾಡಿದ ತಪ್ಪನ್ನು ತನ್ನದೆಂದು ಒಪ್ಪಿಕೊಳ್ಳದ ದುಭಾಷಿಯ ಮುಂದೆ ಕುಳಿತ ಮಗು ತನಗೇ ಅರ್ಥವಾಗಲಿಲ್ಲ ಎಂದುಕೊಳ್ಳುತ್ತದೆ, ಇದು ಬಹಳ ಕೆಟ್ಟದ್ದು.

'ಅಪಧಮನಿ' ಮತ್ತು 'ಅಭಿಧಮನಿ' ಇನ್ನೊಂದು ಜೋಡಿ. ತುಟಿ ಓದಲು ಬರುವ ಮಗುವಿಗೆ ಪಕಾರ ಮತ್ತು ಭಕಾರಗಳಿಗೆ ವ್ಯತ್ಯಾಸವೇ ಕಾಣದು, ಏಕೆಂದರೆ ಎರಡಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಸನ್ನೆಯಲ್ಲಿ ಈ ತೊಡಕು ಮಾಯವಾಗುತ್ತದೆ: ಹೃದಯದಿಂದ ಹೊರಕ್ಕೆ ಹೋಗುವ ದಾರಿ, ಹೃದಯದ ಒಳಕ್ಕೆ ಬರುವ ದಾರಿ. 'ಶುದ್ಧ ರಕ್ತದ ನಾಳ, ಅಶುದ್ಧ ರಕ್ತದ ನಾಳ' ಎಂದು ಸುಲಭಕ್ಕೆ ಸನ್ನೆ ಮಾಡಿಬಿಟ್ಟರೆ, ಮುಂದಿನ ಪುಟದಲ್ಲೇ ಆಮ್ಲಜನಕ ಕಡಿಮೆಯಿರುವ ರಕ್ತವನ್ನು ಶ್ವಾಸಕೋಶಕ್ಕೆ ಒಯ್ಯುವ ಅಪಧಮನಿ ಬಂದು ನಮ್ಮ ಸನ್ನೆಯನ್ನು ಸುಳ್ಳು ಮಾಡುತ್ತದೆ. ಮುಂದಿನ ಪುಟವನ್ನು ಓದದವರಿಗೆ ಅದು ತಿಳಿಯುವುದಿಲ್ಲ.

ಮೂರನೆಯ ಓದು ಜಾಗ ಹಂಚುವ ಕೆಲಸ. ಸನ್ನೆ ಭಾಷೆಯಲ್ಲಿ ನನ್ನ ಎದೆಯ ಮುಂದಿನ ಗಾಳಿಯೇ ಕಪ್ಪುಹಲಗೆ. ಶ್ವಾಸಕೋಶವನ್ನು ಮೇಲೆ, ಹೃದಯವನ್ನು ನಡುವೆ, ದೇಹದ ಉಳಿದ ಭಾಗವನ್ನು ಕೆಳಗೆ ಒಮ್ಮೆ ಇಟ್ಟೆನೆಂದರೆ ಆ ಅವಧಿ ಮುಗಿಯುವವರೆಗೂ ಅವು ಅಲ್ಲೇ ಇರಬೇಕು. ಹೃದಯದ ಚಿತ್ರದಲ್ಲಿ ನನಗೊಂದು ಅನುಕೂಲವಿದೆ. ಪುಸ್ತಕದ ಹೃದಯ ನಮ್ಮೆದುರು ನಿಂತ ಮನುಷ್ಯನ ಹೃದಯ, ನಾನೂ ಮಕ್ಕಳೆದುರು ನಿಂತವಳು, ಆದ್ದರಿಂದ ನನ್ನ ಎಡಕ್ಕೂ ಚಿತ್ರದ ಹೃದಯದ ಎಡಕ್ಕೂ ತಾಳೆಯಾಗುತ್ತದೆ. ಭೂಪಟದಲ್ಲಿ ಹಾಗಾಗುವುದಿಲ್ಲ. ಕರ್ನಾಟಕದ ಪ್ರಾಕೃತಿಕ ವಿಭಾಗಗಳ ಪಾಠದಲ್ಲಿ ಅರಬ್ಬಿ ಸಮುದ್ರವನ್ನು ನನ್ನ ಎಡಗೈ ಕಡೆ ಇಟ್ಟರೆ, ಗೋಡೆಯ ಭೂಪಟದಲ್ಲಿ ಎಡಕ್ಕಿರುವ ಸಮುದ್ರ ಮಕ್ಕಳಿಗೆ ನನ್ನ ಕೈಯಲ್ಲಿ ಬಲಕ್ಕೆ ಕಾಣುತ್ತದೆ. ಕರಾವಳಿ, ಪಶ್ಚಿಮ ಘಟ್ಟ, ಮಲೆನಾಡು, ಬಯಲುಸೀಮೆ ಎಂದು ಸಾಗುವ ಆ ಪಾಠವನ್ನು ಪೂರ್ತಿ ತಿರುಗಿಸಿ, ಸಮುದ್ರವನ್ನು ಬಲಗೈಗೆ ತಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡಿದ್ದೇನೆ, ಈಗಲೂ ಆಗಾಗ ತಪ್ಪುತ್ತೇನೆ.

ಕೈ ಆಡಿಸದಿರುವುದನ್ನೂ ತಯಾರಿ ಮಾಡಿಕೊಳ್ಳಬೇಕು. ಕಿವುಡ ಮಗು ಕೇಳುವುದೂ ಕಣ್ಣಿನಿಂದಲೇ, ನೋಡುವುದೂ ಕಣ್ಣಿನಿಂದಲೇ. ಮೇಷ್ಟರು ಹಲಗೆಯ ಮೇಲೆ ಬರೆಯುತ್ತಾ ಮಾತಾಡಿದರೆ ಉಳಿದ ಮಕ್ಕಳು ಏಕಕಾಲಕ್ಕೆ ನೋಡಿ, ಕೇಳಿ, ಬರೆದುಕೊಳ್ಳುತ್ತಾರೆ. ಇವರಿಬ್ಬರು ನನ್ನನ್ನು ನೋಡಿದರೆ ಹಲಗೆ ಹೋಯಿತು, ಹಲಗೆ ನೋಡಿದರೆ ನಾನು ಹೋದೆ, ನೋಟ್ಸ್ ಬರೆಯಲು ತಲೆ ಬಗ್ಗಿಸಿದರೆ ಎರಡೂ ಹೋದವು. ಫ್ಲೆಮಿಂಗನ ಎಡಗೈ ನಿಯಮದ ದಿನ ಇದು ಎದ್ದು ಕಂಡಿತು. ತೋರುಬೆರಳು ಕಾಂತಕ್ಷೇತ್ರ, ನಡುಬೆರಳು ವಿದ್ಯುತ್ ಪ್ರವಾಹ, ಹೆಬ್ಬೆರಳು ಬಲದ ದಿಕ್ಕು ಎಂದು ಮೇಷ್ಟರೇ ಕೈಯಲ್ಲಿ ತೋರಿಸುವ ಪಾಠವದು. ಅಲ್ಲಿ ನನ್ನ ಕೈ ಮೇಷ್ಟರ ಕೈಗೆ ಅಡ್ಡ ಬರಬಾರದು. ಹಿಂದಿನ ದಿನವೇ ಸ್ಟಾಫ್ ರೂಮಿನಲ್ಲಿ ಅವರನ್ನು ಕಂಡು, "ಸರ್, ಮೊದಲು ಮಾತು ಮುಗಿಸಿ, ಆಮೇಲೆ ಸುಮ್ಮನೆ ಕೈ ತೋರಿಸಿ ನಿಲ್ಲಿ, ಆಗ ಮಕ್ಕಳು ನಿಮ್ಮನ್ನೇ ನೋಡುತ್ತಾರೆ" ಎಂದು ಕೇಳಿಕೊಂಡಿದ್ದೆ. ಅವರು ಹಾಗೆಯೇ ಮಾಡಿದರು. ಆ ಮೌನದಲ್ಲಿ ಹಿಂದಿನ ಬೆಂಚಿನವರೂ ಎಡಗೈ ಎತ್ತಿ ನೋಡಿಕೊಳ್ಳುತ್ತಿದ್ದರು.

ಅಧ್ಯಾಪಕರೊಂದಿಗೆ ಇಂಥ ಮಾತು ಸದಾ ಸಲೀಸಾಗಿ ನಡೆಯುವುದಿಲ್ಲ. ಪಾಠದ ಟಿಪ್ಪಣಿಯನ್ನು ಎರಡು ದಿನ ಮೊದಲು ಕೇಳಿದರೆ, ತಮ್ಮ ಪಾಠದ ತಪಾಸಣೆಗೆ ಬಂದಿದ್ದೇನೆಂದು ಮುನಿಸಿಕೊಂಡವರೂ ಇದ್ದಾರೆ. ಅವರನ್ನು ದೂರುವುದಿಲ್ಲ. ತಮ್ಮ ತರಗತಿಯಲ್ಲಿ ಇನ್ನೊಬ್ಬ ದೊಡ್ಡವಳು ದಿನವೂ ನಿಂತಿರುವುದು ಯಾರಿಗೂ ಒಂದೇ ದಿನದಲ್ಲಿ ಒಗ್ಗುವಂಥದ್ದಲ್ಲ.

ಪುಸ್ತಕಕ್ಕಿಂತಲೂ ಮೊದಲು ಓದಬೇಕಾದದ್ದು ಮಗುವನ್ನು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಅವರು ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯ ಮೂಲಕ ಹಾಜರಾದ ಸುದ್ದಿ ಬಂದಾಗ ಪರಿಚಿತರು ಹಲವರು "ನೀವು ಮಾಡುವುದೂ ಇದೇ ತಾನೇ?" ಎಂದು ಕೇಳಿದರು. ವಿದ್ಯೆ ಒಂದೇ, ಸಂದರ್ಭ ಬೇರೆ. ನ್ಯಾಯಾಲಯದಲ್ಲಿ ನಿಂತವರದು ಬಲಿತ ಭಾಷೆ. ತರಗತಿಯಲ್ಲಿ ಕುಳಿತ ಮಗುವಿನ ಭಾಷೆ ಇನ್ನೂ ಬೆಳೆಯುತ್ತಿರುತ್ತದೆ, ಕೆಲವೊಮ್ಮೆ ಆಗಷ್ಟೇ ಮೊಳೆಯುತ್ತಿರುತ್ತದೆ. ಕಿವುಡ ಮಕ್ಕಳಲ್ಲಿ ಬಹುಪಾಲು ಮಂದಿ ಕೇಳುವ ತಂದೆತಾಯಿಗೆ ಹುಟ್ಟಿದವರು, ಮನೆಯಲ್ಲಿ ಸನ್ನೆ ಭಾಷೆ ಇರುವುದಿಲ್ಲ, ಅಮ್ಮ ಮತ್ತು ಮಗು ತಾವೇ ಕಟ್ಟಿಕೊಂಡ ಕೆಲವು ಸನ್ನೆಗಳಷ್ಟೇ ಇರುತ್ತವೆ. ನನ್ನ ತರಗತಿಯ ಹುಡುಗಿ ಮೂರನೇ ವಯಸ್ಸಿನಿಂದ ಕಿವುಡರ ಶಾಲೆಯಲ್ಲಿ ಬೆಳೆದವಳು, ಅವಳ ಸನ್ನೆಯ ವೇಗಕ್ಕೆ ನಾನೇ ಏದುಸಿರು ಬಿಡುತ್ತೇನೆ. ಹುಡುಗ ಉತ್ತರ ಕರ್ನಾಟಕದ ಹಳ್ಳಿಯವನು, ಹನ್ನೊಂದನೇ ವಯಸ್ಸಿನವರೆಗೆ ಇನ್ನೊಬ್ಬ ಕಿವುಡನನ್ನು ಕಂಡವನಲ್ಲ. ಒಂದೇ ಪಾಠವನ್ನು ಇಬ್ಬರಿಗೂ ಏಕಕಾಲಕ್ಕೆ ತಲುಪಿಸುವುದು ಹೇಗೆ ಎಂಬುದೇ ಜೂನ್ ತಿಂಗಳಿಡೀ ನನ್ನ ತಯಾರಿಯಾಗಿತ್ತು. ಶಾಲೆ ಶುರುವಾಗುವ ಮೊದಲ ವಾರ ಪಾಠದ ಗೊಡವೆಯಿಲ್ಲದೆ ಅವರ ಜೊತೆ ಕುಳಿತು ಊರು, ಕ್ರಿಕೆಟ್, ಹಬ್ಬ ಎಂದು ಹರಟುತ್ತೇನೆ. ಯಾರಿಗೆ ಯಾವ ಸನ್ನೆ ಗೊತ್ತು, ಪದವನ್ನು ಬೆರಳುಗಳಿಂದ ಒಂದೊಂದೇ ಅಕ್ಷರವಾಗಿ ತೋರಿಸುವ ಬೆರಳಕ್ಷರವನ್ನು ಯಾರು ಹಿಡಿಯಬಲ್ಲರು, ಯಾರು ಅರ್ಥವಾಗದಿದ್ದರೂ ತಲೆಯಾಡಿಸುತ್ತಾರೆ ಎಂಬುದು ಆ ಹರಟೆಯಲ್ಲೇ ತಿಳಿಯುತ್ತದೆ. ತಲೆಯಾಡಿಸುವವರ ವಿಷಯದಲ್ಲಿ ಹೆಚ್ಚು ಎಚ್ಚರವಿರಬೇಕು.

ಬೆರಳಕ್ಷರದ ತೊಡಕು ಕನ್ನಡ ಮಾಧ್ಯಮದವರಿಗೆ ಮಾತ್ರ ಅರ್ಥವಾಗುವಂಥದ್ದು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು ಕೈಗಳ ಇಂಗ್ಲಿಷ್ ಬೆರಳಕ್ಷರ, ಅದರಲ್ಲಿ ಎ, ಇ, ಐ, ಓ, ಯು ಸ್ವರಗಳು ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಐದು ಬೆರಳ ತುದಿಗಳ ಮೇಲೆ ಕೂರುತ್ತವೆ. ಹೃದಯದ ಕೆಳಕೋಣೆಯಾದ 'ಹೃತ್ಕುಕ್ಷಿ'ಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬಿಡಿಸಿ ತೋರಿಸಿದರೆ, ಕನ್ನಡದಲ್ಲೇ ಪರೀಕ್ಷೆ ಬರೆಯಬೇಕಾದ ಮಗುವಿಗೆ ಅದರಿಂದ ಪ್ರಯೋಜನವೇನು? ಇಂಥ ಪದಗಳನ್ನು ನಾನು ದಪ್ಪ ಅಕ್ಷರದಲ್ಲಿ ರಟ್ಟಿನ ಚೀಟಿಗಳ ಮೇಲೆ ಬರೆದಿಟ್ಟುಕೊಳ್ಳುತ್ತೇನೆ. ಪದ ಬಂದಾಗ ಚೀಟಿ ತೋರಿಸಿ, ನಂತರ ಸನ್ನೆ ಮಾಡುತ್ತೇನೆ.

ಇಲ್ಲದ ಸನ್ನೆಗಳ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಲ್ಲಿ ಆರಂಭವಾಯಿತು. ಅದು ಹೊರತಂದ ನಿಘಂಟಿನಲ್ಲಿ 2018ರಲ್ಲಿ 3,000 ಪದಗಳಿದ್ದವು, 2019ರಲ್ಲಿ 6,000 ಆದವು, 2021ರಲ್ಲಿ 10,000ಕ್ಕೆ ಮುಟ್ಟಿದವು. ನಾನು ಮೊದಲು ಹುಡುಕುವುದು ಅಲ್ಲಿಯೇ. ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯ ಪುಸ್ತಕಗಳನ್ನು ಸನ್ನೆ ಭಾಷೆಗೆ ತರಲು 2020ರಲ್ಲಿ ಒಪ್ಪಂದವಾಯಿತು, 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಶೈಕ್ಷಣಿಕ ಟಿವಿ ಯೋಜನೆ ಪಿಎಂ ಇ-ವಿದ್ಯಾದ 31ನೇ ಚಾನೆಲ್ ಸನ್ನೆ ಭಾಷೆಗೆಂದೇ ಶುರುವಾಯಿತು. ಇವೆಲ್ಲ ದೊಡ್ಡ ನೆರವು. ಆದರೂ ನಿಘಂಟಿನ ಸನ್ನೆ ಮಗುವಿಗೆ ಗೊತ್ತಿರಬೇಕೆಂದಿಲ್ಲ. ಸ್ವತಃ ಕಿವುಡರಾದ ಮದನ್ ವಸಿಷ್ಠ ಮತ್ತು ಸಂಗಡಿಗರು ದಶಕಗಳ ಹಿಂದೆ ದೆಹಲಿ, ಕಲ್ಕತ್ತ, ಮುಂಬಯಿ, ಬೆಂಗಳೂರುಗಳ ಸನ್ನೆಗಳನ್ನು ಸಂಗ್ರಹಿಸಿದಾಗಲೇ ವ್ಯಾಕರಣ ಹೊಂದಿಕೊಂಡರೂ ಪದಗಳು ಊರಿಂದೂರಿಗೆ ಬೇರೆಯಾಗುವುದು ಕಂಡುಬಂದಿತ್ತು. ನಿಘಂಟಿನಲ್ಲೂ ಇಲ್ಲದ, ಮಕ್ಕಳಲ್ಲೂ ಇಲ್ಲದ ಪದ ಬಂದಾಗ ನಾನು ಸನ್ನೆಯನ್ನು ಹುಟ್ಟಿಸುವುದಿಲ್ಲ, ಆ ಹಕ್ಕು ನನ್ನದೆಂದು ನನಗನ್ನಿಸುವುದಿಲ್ಲ. ಕಿವುಡ ಹಿರಿಯರೊಬ್ಬರಿಗೆ ವೀಡಿಯೊ ಕರೆ ಮಾಡಿ ಕೇಳುತ್ತೇನೆ. ಅವರ ಸಲಹೆಯನ್ನು ಮಕ್ಕಳ ಮುಂದಿಡುತ್ತೇನೆ, ಅವರು ಒಪ್ಪಿದರೆ 'ಈ ತರಗತಿಗೆ ಮಾತ್ರ' ಎಂದು ಗುರುತು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ಕನ್ನಡದ ಅವಧಿ ಬಂದಾಗ ಈ ಸಿದ್ಧತೆಗಳೆಲ್ಲ ಸಾಲದೆ ಹೋಗುತ್ತವೆ. ಮಳೆ ಮತ್ತು ಕಾಲ ಸೇರಿ 'ಮಳೆಗಾಲ'ವಾಗುವ ಆದೇಶ ಸಂಧಿಯಲ್ಲಿ ಕಕಾರ ಗಕಾರವಾಗುವುದು ಕಿವಿಗೆ ಗೊತ್ತಾಗುವ ಸಂಗತಿ. ತುಟಿಯಲ್ಲಿ ಅದು ಕಾಣುವುದಿಲ್ಲ, ಸನ್ನೆಯಲ್ಲಿ 'ಮಳೆಗಾಲ'ಕ್ಕೆ ಕಕಾರವೂ ಇಲ್ಲ, ಗಕಾರವೂ ಇಲ್ಲ. ಅರ್ಥವನ್ನು ಸನ್ನೆ ಮಾಡಿದರೆ ವ್ಯಾಕರಣವೇ ಕಳೆದುಹೋಗುತ್ತದೆ. ಇಂಥ ಕಡೆ ಸನ್ನೆಯನ್ನು ಬದಿಗಿಟ್ಟು ಹಲಗೆಯ ಮೇಲಿನ ಅಕ್ಷರಗಳನ್ನೇ ಬೆರಳಿಟ್ಟು ತೋರಿಸಬೇಕೆಂದು ಮೇಡಂ ಜೊತೆ ಮೊದಲೇ ಮಾತಾಡಿಕೊಂಡಿದ್ದೇನೆ. ಛಂದಸ್ಸು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಲಘು ಗುರುಗಳಿಗೆ ಬರೆಯುವ ಗುರುತುಗಳಿವೆ, ಒಂದು ಮಾತ್ರೆ, ಎರಡು ಮಾತ್ರೆ ಎಂಬುದನ್ನು ಮೇಜಿನ ಮೇಲೆ ಅಂಗೈ ಬಡಿದು ತೋರಿಸಿದರೆ ಮೇಜಿನ ಕಂಪನ ಅವರ ಮೊಣಕೈಗೆ ತಲುಪುತ್ತದೆ. ಭಾಮಿನಿ ಷಟ್ಪದಿಯ ಮೂರು–ನಾಲ್ಕು ಮಾತ್ರೆಗಳ ನಡೆಯನ್ನು ಆ ಹುಡುಗ ನನಗಿಂತ ಚೆನ್ನಾಗಿ ಬಡಿಯುತ್ತಾನೆ.

ಇನ್ನೊಂದು ದಿಕ್ಕಿನ ತಯಾರಿಯನ್ನು ಹೊರಗಿನವರು ನೆನೆಯುವುದೇ ಇಲ್ಲ. ಮಕ್ಕಳು ಸನ್ನೆಯಲ್ಲಿ ಕೇಳಿದ ಪ್ರಶ್ನೆಗೆ ನಾನು ದನಿಯಾಗಬೇಕು. ಸನ್ನೆಯಲ್ಲಿ ಎದುರಿನವರನ್ನು ತೋರಿಸಿದರೆ ಸಾಕು, 'ನೀನು', 'ನೀವು' ಎಂಬ ಭೇದವನ್ನು ಆ ಬೆರಳು ಹೇಳುವುದಿಲ್ಲ. ಕನ್ನಡದಲ್ಲಿ ಮೇಷ್ಟರಿಗೆ 'ನೀನು' ಎನ್ನಲಾದೀತೇ? ಆ ಗೌರವವನ್ನು ಮಗುವಿನ ಮುಖ ಮತ್ತು ಮೈಯ ನಿಲುವಿನಿಂದ ಓದಿ ನಾನೇ ಸೇರಿಸಬೇಕು, ಆದರೆ ಮಗು ಕೋಪದಲ್ಲಿದ್ದರೆ ಆ ಕೋಪವನ್ನು ನುಣುಪು ಮಾಡಲೂ ಬಾರದು. "ಅವಳಿಗೆ ಅರ್ಥವಾಗಲಿಲ್ಲವಂತೆ" ಎನ್ನುವುದಿಲ್ಲ, "ನನಗೆ ಅರ್ಥವಾಗಲಿಲ್ಲ ಸರ್" ಎಂದೇ ಹೇಳುತ್ತೇನೆ. ಹಿಂದಿಯಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳು ಹುಡುಗರ ಮಾತಿಗೆ ದನಿಯಾಗುವಾಗ ಕ್ರಿಯಾಪದದ ಲಿಂಗಕ್ಕೆ ತಡವರಿಸುತ್ತಾಳೆ. 'ನಾನು ಬಂದೆ' ಎಂಬಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದ ಕನ್ನಡ ನನಗೆ ಆ ಕಷ್ಟ ಕೊಟ್ಟಿಲ್ಲ.

ಉಳಿದದ್ದು ದೇಹಕ್ಕೆ ಸಂಬಂಧಿಸಿದ್ದು. ಮೈಬಣ್ಣದಿಂದ ಕೈ ಎದ್ದು ಕಾಣುವಂತೆ ಹೂವಿಲ್ಲದ, ಗೆರೆಯಿಲ್ಲದ ಒಂದೇ ಬಣ್ಣದ ಬಟ್ಟೆ. ಬಳೆ, ಉಂಗುರ ಮನೆಯಲ್ಲೇ. ಕಿಟಕಿ ಬೆನ್ನಿಗಿರಬಾರದು, ಬೆಳಕು ಹಿಂದಿನಿಂದ ಬಿದ್ದರೆ ಮುಖ ಕಪ್ಪಾಗಿ ವ್ಯಾಕರಣದ ಅರ್ಧಭಾಗ ಅಳಿಸಿಹೋಗುತ್ತದೆ. ಒಳ್ಳೆಯ ಪದ್ಧತಿಯ ಪ್ರಕಾರ 20–30 ನಿಮಿಷಕ್ಕೊಮ್ಮೆ ಇನ್ನೊಬ್ಬ ದುಭಾಷಿ ಕೈ ಬದಲಿಸಬೇಕು, ಏಕೆಂದರೆ ಕೈಗಿಂತ ಮೊದಲು ದಣಿಯುವುದು ತಲೆ, ತಲೆ ದಣಿದಾಗ ನುಸುಳುವ ತಪ್ಪು ನಮಗೇ ಗೊತ್ತಾಗುವುದಿಲ್ಲ. ಬಹುಪಾಲು ಶಾಲೆಗಳಲ್ಲಿ ಒಬ್ಬರು ಸಿಕ್ಕರೆ ಅದೇ ಪುಣ್ಯ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯು ಕಿವುಡ ಮಕ್ಕಳಿಗೆ ಅವರಿಗೆ ತಕ್ಕ ಭಾಷೆಯಲ್ಲೇ ಶಿಕ್ಷಣ ಸಿಗಬೇಕೆಂದು ಹೇಳುತ್ತದೆ. ದಿನಕ್ಕೆ ಏಳು ಅವಧಿ ಒಬ್ಬಳೇ ನಿಂತು ಸಂಜೆ ಮಣಿಕಟ್ಟಿಗೆ ಬಿಸಿನೀರು ಹಾಕಿಕೊಳ್ಳುವಾಗ ಆ ಕಾಯ್ದೆ ನೆನಪಾಗುತ್ತದೆ.

ನಾಳೆಯಿಂದ ಬೆಳಕಿನ ಪಾಠ. ವಕ್ರೀಭವನದ ಚಿಂತೆಯಿಲ್ಲ, ಒಂದು ಕೈ ನೀರಿನ ಮೇಲ್ಮೈಯಾದರೆ ಇನ್ನೊಂದು ಕೈಯ ಬೆರಳು ಅದನ್ನು ದಾಟುವಾಗ ಬಾಗುತ್ತದೆ, ಚಿತ್ರವೇ ಸನ್ನೆಯಾಗುತ್ತದೆ. ತಡೆದಿರುವುದು 'ಸತ್ಯ ಪ್ರತಿಬಿಂಬ' ಮತ್ತು 'ಮಿಥ್ಯ ಪ್ರತಿಬಿಂಬ'. ನಿಜ ಮತ್ತು ಸುಳ್ಳಿನ ಸನ್ನೆಗಳನ್ನು ಬಳಸಿದರೆ ಕನ್ನಡಿ ಸುಳ್ಳು ಹೇಳುತ್ತದೆಂದು ಹುಡುಗ ತಿಳಿದುಕೊಳ್ಳುತ್ತಾನೆ. ಬೆಳಕಿನ ಕಿರಣಗಳು ನಿಜವಾಗಿಯೂ ಬಂದು ಸೇರುವ ಬಿಂಬ ಒಂದು, ಸೇರಿದಂತೆ ತೋರುವ ಬಿಂಬ ಇನ್ನೊಂದು, ಆ 'ತೋರುವುದು' ಕೈಯಲ್ಲಿ ಹೇಗಿರಬೇಕೆಂದು ಹಿರಿಯರನ್ನು ಕೇಳಿದೆ, ಅವರೂ ಎರಡು ಬಗೆ ತೋರಿಸಿ ಮಕ್ಕಳನ್ನೇ ಕೇಳು ಎಂದರು. ಪಾಠ ಹೇಳುವುದು ಮೇಷ್ಟರ ಕೆಲಸ, ನಾನು ಕೇಳಬೇಕಾಗಿರುವುದು ಸನ್ನೆಯನ್ನಷ್ಟೇ. ನೋಟ್‌ಬುಕ್ಕಿನಲ್ಲಿ ಆ ಎರಡು ಸಾಲುಗಳ ಎದುರು ಜಾಗ ಖಾಲಿ ಬಿಟ್ಟಿದ್ದೇನೆ. ಪ್ರಾರ್ಥನೆಗೆ ಮುಂಚೆ ಹತ್ತು ನಿಮಿಷ ಸಿಗುತ್ತದೆ, ಒಳಮೈಯಲ್ಲಿ ಮುಖ ತಲೆಕೆಳಗಾಗಿಯೂ ಹೊರಮೈಯಲ್ಲಿ ನೆಟ್ಟಗೂ ಕಾಣುವ ಅಡುಗೆಮನೆಯ ದೊಡ್ಡ ಸ್ಟೀಲ್ ಚಮಚವೊಂದನ್ನು ತೊಳೆದು, ಒರೆಸಿ, ಚೀಲದಲ್ಲಿ ಪದಗಳ ಚೀಟಿಗಳ ಪಕ್ಕ ಇಟ್ಟುಕೊಂಡಿದ್ದೇನೆ.